ಕಿಟಕಿ ಮೂಲೆಯ ನಿಘಂಟುಕಾರರು

ಕಿಟಕಿಯ ಸರಳು ಹಿಡಿದು ನಿಂತಿದ್ದ ನಿಘಂಟುಕಾರರನ್ನು ಕಂಡು ಅಂಚೆಯವನು ಸೈಕಲ್ ನಿಲ್ಲಿಸಿಯೇಬಿಟ್ಟ.

“ಏನ್ ಸಾರ್, ಅಮ್ಮಾವ್ರು ಕೂಡಿಹಾಕಿದ್ದಾರಾ?”

“ಛೆ ಛೆ, ಗಾಳಿ ತಗೋತಿದ್ದೀನಪ್ಪ.”

ಮೊಣಕೈವರೆಗೆ ಕೆಂಪು ಬಣ್ಣ. ಮೂಗಿನ ತುದಿಗೂ ಒಂದು ಚುಕ್ಕೆ. ಅಂಚೆಯವನು ನಂಬಿದಂತೆ ನಟಿಸಿ, ಗಂಟೆ ಬಾರಿಸುತ್ತ ಹೋದ. (ಊರಿನ ಗುಟ್ಟೆಲ್ಲ ಚೀಲದಲ್ಲಿ ಹೊರುವವನಿಗೆ ಅಷ್ಟು ದಾಕ್ಷಿಣ್ಯ ಇದ್ದೇ ಇರುತ್ತದೆ.)

ನಡೆದದ್ದಿಷ್ಟು. ಆರು ವರ್ಷ ತಪಸ್ಸು ಮಾಡಿ ಬರೆದ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಅನ್‌ವೈಸ್ಲಿ’ ಎಂಬ ಒಂದೇ ಪದ ಬಾಕಿ. ಅರ್ಥ ಬರೆದಾಗಿತ್ತು: ‘ಅವಿವೇಕದಿಂದ, ತಿಳಿದೂ ತಿಳಿಯದವರಂತೆ.’ ಉದಾಹರಣೆ ವಾಕ್ಯ ಮಾತ್ರ ಮೂರು ದಿನದಿಂದ ಕೈಗೆ ಸಿಗದು. ನಾಲ್ಕು ಗಂಟೆಗೆ ಮುದ್ರಣಾಲಯದವರು ಬರುವವರು. ಪುಟ ಸಿಗದಿದ್ದರೆ ಆ ಪದವನ್ನೇ ಕೈಬಿಡುವುದಾಗಿ ಹೇಳಿದ್ದರು. ಅವಿವೇಕಕ್ಕೆ ಜಾಗವಿಲ್ಲದ ನಿಘಂಟನ್ನು ಲೋಕ ನಂಬುವುದುಂಟೆ?

ಕೈಗೆ ಕೆಲಸ ಕೊಟ್ಟರೆ ತಲೆಗೆ ವಾಕ್ಯ ಹೊಳೆದೀತೆಂದು, ಹೆಂಡತಿ ತಿಂಗಳಿಂದ ಹೇಳುತ್ತಿದ್ದ ಕೋಣೆಯ ನೆಲಕ್ಕೆ ಬಣ್ಣ ಬಳಿಯಲು ಕೂತರು. ಕುಂಚ ದೋಣಿಯಂತೆ ತೇಲಿತು. ಸಂಜೆಯ ಕೆರೆಯಂತೆ ಕೆಂಪು ಹರಡಿತು. ಬಿಸಿಲು ಅದರೊಳಗಿಳಿದು ಮಲಗಿತು. ಅವಿವೇಕಿ ರಾಜರು, ಜೂಜುಕೋರರು, ಹಗಲುಗನಸಿನ ವರ್ತಕರು ಒಬ್ಬೊಬ್ಬರಾಗಿ ಆ ನೀರಿನ ಮೇಲೆ ಮೆಲ್ಲಗೆ ನಡೆದುಹೋದರು. ಬೆನ್ನಿಗೆ ಗೋಡೆ ತಾಗಿದಾಗಲೇ ಎಚ್ಚರ: ಬಾಗಿಲು ಆಚೆ ದಡದಲ್ಲಿತ್ತು!

ಸೈಕಲ್ ಗಂಟೆ ಕೇಳಿ ಹೆಂಡತಿ ಹೊಸ್ತಿಲಿಗೆ ಬಂದರು.

“ಕಿಟಕಿ ಕಡೆಯಿಂದ ಶುರು ಮಾಡ್ರೀ ಅಂತ ಬಾಯಿ ಬಡ್ಕೊಂಡೆನಲ್ಲ!”

“ಗೊತ್ತಿತ್ತು ಕಣೇ.”

“ಗೊತ್ತಿದ್ದೂ?”

“ಬಾಗಿಲ ಹತ್ರ ಬೆಳಕು ಚೆನ್ನಾಗಿತ್ತು.”

“ಹಸಿ ನೆಲದ ಮೇಲೆ ಒಂದು ಹೆಜ್ಜೆ ಇಟ್ರೆ ನೋಡಿ ಮತ್ತೆ!”

“ಇಡಲ್ಲ. ಹಜಾರದ ಮೇಜಿನ ಮೇಲೆ ಹಾಳೆ ಇದೆ, ತಗೊಂಡು ಬರ್ಕೋ. ‘ರಾಜನು ಅವಿವೇಕದಿಂದ ಯುದ್ಧ ಸಾರಿದನು.’”

“ಯಾವ ರಾಜ? ನೀವು ಕಂಡಿದ್ರಾ, ನಾನು ಕಂಡಿದ್ನಾ?” ಎನ್ನುತ್ತ ಹೆಂಡತಿ ತಾವೇ ಏನೋ ಗೀಚಿ ಓದಿದರು: “‘ಪಂಡಿತನೊಬ್ಬ ಅವಿವೇಕದಿಂದ ಬಾಗಿಲ ಕಡೆಯಿಂದ ನೆಲಕ್ಕೆ ಬಣ್ಣ ಬಳಿಯುತ್ತ ಮೂಲೆ ಸೇರಿದನು.’”

ನಿಘಂಟುಕಾರರ ಮುಖ ನೆಲದ ಬಣ್ಣಕ್ಕೆ ತಿರುಗಿತು.

“ಇದು ಉದಾಹರಣೆ ಅಲ್ಲ, ಚಾಡಿ! ಕೊನೇಪಕ್ಷ ‘ಮನುಷ್ಯನೊಬ್ಬ’ ಅಂತಾದ್ರೂ ಮಾಡು.”

“ಮನುಷ್ಯ ಅಂದ್ರೆ ಬರೀ ದಡ್ಡತನ ಆಗುತ್ತೆ. ಅವಿವೇಕಕ್ಕೆ ಪಂಡಿತನೇ ಬೇಕು.”

ಮಾತು ನೂರಕ್ಕೆ ನೂರು ಶಾಸ್ತ್ರೀಯವಾಗಿತ್ತು, ಅದೇ ಸಂಕಟ. ನಾಲ್ಕು ಹೊಡೆಯಿತು. ಬೀದಿ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದು. ಒಂದು ಕಡೆ ಮಾನ, ಇನ್ನೊಂದು ಕಡೆ ಆರು ವರ್ಷ.

“ಕೊಟ್ಟುಬಿಡು,” ಎಂದರು ಕ್ಷೀಣವಾಗಿ.

ಮುದ್ರಣಾಲಯದವರು ಪುಟ ಓದಿದವರೇ ಬೀದಿ ಸುತ್ತಿ ಕಿಟಕಿಯ ಹತ್ತಿರ ಬಂದು ಕೈಮುಗಿದರು.

“ಆಹಾ, ಅರ್ಥ ಕಣ್ಣಿಗೆ ಕಟ್ಟಿದ ಹಾಗಿದೆ! ಇಂಥಾ ವಾಕ್ಯ ಹೇಗೆ ಸಾರ್ ಹೊಳೀತು?”

ನಿಘಂಟುಕಾರರು ಸರಳು ಬಿಡದೆ ಹೇಳಿದರು:

“ಹೆಂಡತಿ ಮಾತು ಕೇಳಲಿಲ್ಲ.”