ರಾಯರ ಖಾಯಂ ಗಿರಾಕಿ

ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳ ಸರ್ವರ್ ಯಂತ್ರಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ರಾಯರಿಗೆ ನೆಮ್ಮದಿಯಾಗಿ ಸ್ನಾನ ಮಾಡುವ ಯೋಗವೂ ಇರಲಿಲ್ಲ. ಮೈಗೆ ಸೋಪು ಹಚ್ಚಿದ ಗಳಿಗೆಗೇ ಯಾರೋ ಫೋನ್ ಮಾಡಿ, "ಗೆಳೆಯರೆಲ್ಲ ಸೇರಿದ್ದೀವಿ, ಬೇಗ ಶುರು ಮಾಡಿ ಸಾರ್" ಎನ್ನುತ್ತಿದ್ದರು. ಆಗ ಹೆಂಡತಿ ಒಲೆ ಆರಿಸಿ, ಹಿಂದಿನ ಕೋಣೆಗೆ ಓಡಿ ಯಂತ್ರ ಚಾಲೂ ಮಾಡಬೇಕು. ಗಂಟೆ ಮುಗಿದ ಮೇಲೆ ಮತ್ತೆ ಓಡಿ ನಿಲ್ಲಿಸಬೇಕು. (ನಿಲ್ಲಿಸಿದ್ದಕ್ಕೆ ಗಿರಾಕಿಗಳ ಬೈಗುಳವೂ ಅವಳ ಪಾಲಿಗೇ.)

ಕೊನೆಗೊಂದು ದಿನ ರಾಯರು ಸ್ವಯಂಚಾಲಿತ ವ್ಯವಸ್ಥೆಯೊಂದನ್ನು ಸೃಷ್ಟಿಸಿ, ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಿಸಿದರು.

"ಇನ್ಮೇಲೆ ನೀನು ಮಹಾರಾಣಿ ಕಣೇ! ಗಿರಾಕಿ ದುಡ್ಡು ಕಟ್ಟಿದ ತಕ್ಷಣ ಹಿಂದಿನ ಕೋಣೆಗೆ ಕರೆಂಟ್ ತಾನೇ ಬರುತ್ತೆ, ಯಂತ್ರ ತಾನೇ ಏಳುತ್ತೆ. ಗಂಟೆ ಮುಗೀತೋ, ಕರೆಂಟೂ ತಾನೇ ಹೋಗುತ್ತೆ!"

"ನೀವು ಕೈಯಾಡಿಸದೆ ನಡೆಯುತ್ತಾ?"

"ಬ್ರಹ್ಮಾಂಡವೇ ನಡೀತಿಲ್ವಾ?"

"ಹಾಗಾದ್ರೆ ಒಂದು ವಾರ ನಿಮ್ಮಕ್ಕನ ಮನೇಲಿರಿ. ಅಷ್ಟರಲ್ಲಿ ಒಬ್ಬರಾದ್ರೂ ಖಾಯಂ ಗಿರಾಕಿ ತಾನಾಗೇ ಹುಟ್ಟಿಕೊಂಡ್ರೆ ಆ ಕೋಣೆ ನಿಮ್ದು. ಇಲ್ದಿದ್ರೆ ನನ್ನ ಹೊಲಿಗೆ ಮಷಿನ್ ಅಲ್ಲಿಗೆ ಹೋಗುತ್ತೆ."

ಊಟದ ಮೇಜಿನ ಪಕ್ಕ ಮುದುಡಿ ನಿಂತಿದ್ದ ಆ ಮಷಿನ್ನನ್ನು ರಾಯರು ಕನಿಕರದಿಂದ ನೋಡಿ, ಪಂದ್ಯಕ್ಕೆ ಒಪ್ಪಿ ಹೊರಟರು.

ಮರುದಿನವೇ ಹೆಂಡತಿಯ ಫೋನ್. "ರೀ, ನಮ್ಮಮ್ಮನ ಕೋಣೇಲಿ ಟಿವಿ ಪದೇಪದೇ ಆರಿಹೋಗ್ತಿದೆ."

"ಟಿವಿ ಹಳೇದಾಗಿದೆ. ನನ್ನ ಗಮನ ಕೆಡಿಸಿ ಪಂದ್ಯ ಗೆಲ್ಲೋ ಹುನ್ನಾರ ಬೇಡ!" ಎಂದು ರಾಯರು ಫೋನಿಟ್ಟರು.

ಅದರ ಮಾರನೇ ದಿನ ಪವಾಡ ನಡೆಯಿತು. 'ರಣಚಂಡಿ' ಎಂಬ ಅಡ್ಡಹೆಸರಿನ ಗಿರಾಕಿಯೊಬ್ಬಳು ಮಧ್ಯಾಹ್ನ ಒಂದು ಗಂಟೆ, ಸಂಜೆ ಎರಡು ಗಂಟೆ ಬಾಡಿಗೆಗೆ ಪಡೆದಳು. ಮರುದಿನವೂ ಬಂದಳು. ಅದರ ಮರುದಿನವೂ! ಅಕ್ಕನ ಮನೆಯಿಂದಲೇ ಫೋನಿನಲ್ಲಿ ಲೆಕ್ಕ ನೋಡುತ್ತಿದ್ದ ರಾಯರು ಕುಣಿದಾಡಿಬಿಟ್ಟರು. "ಅಕ್ಕಾ, ಎಂಥ ಸಭ್ಯ ಗಿರಾಕಿ ಗೊತ್ತಾ? ಒಂದು ಆಟವನ್ನೂ ಆಡಲ್ಲ! ಯಂತ್ರಕ್ಕೆ ಚೂರೂ ಶ್ರಮ ಕೊಡಲ್ಲ!"

"ಆಡದೆ ಮತ್ತೆ ಯಾಕೆ ಬರ್ತಾಳೋ?" ಎಂದಳು ಅಕ್ಕ.

"ದೊಡ್ಡವರ ರೀತಿಯೇ ಬೇರೆ!"

ವಾರ ಮುಗಿದ ಸಂಜೆ ರಾಯರು 'ಮಹಾಪೋಷಕಿ ರಣಚಂಡಿ' ಎಂದು ಕೆತ್ತಿಸಿದ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ದಿಗ್ವಿಜಯಿಯಂತೆ ಮನೆ ಹೊಕ್ಕರು. ಹೆಂಡತಿ ಅತ್ತೆಯ ಕೋಣೆಯಲ್ಲಿದ್ದಳು. ಟಿವಿ ಸೊಗಸಾಗಿ ಓಡುತ್ತಿತ್ತು. ಫಲಕ ಕಂಡ ಅತ್ತೆಯ ಮುಖ ಅರಳಿತು.

"ಅಯ್ಯೋ ಅಳಿಯಂದಿರೇ, ನನಗ್ಯಾಕೆ ಇದೆಲ್ಲ?"

"ನಿಮಗಲ್ಲ ಅತ್ತೆ, ಇದು ರಣಚಂಡಿಗೆ."

"ನಾನೇ ಅಲ್ವೇ ಅದು? ಫೋನು ಹೆಸರು ಕೇಳ್ತು, ನನ್ನ ಧಾರಾವಾಹಿ ಹೆಸರೇ ಕೊಟ್ಟೆ. ನಿಮ್ಮ ಗಿರಾಕಿ ಬಂದಾಗ್ಲೇ ನನ್ನ ಟಿವಿ ಬರ್ತಿತ್ತು. ಕಂಡೋರಿಗೆ ಯಾಕೆ ಕಾಯ್ಬೇಕು ಅಂತ ನಾನೇ ಗಿರಾಕಿ ಆದೆ!"

ರಾಯರಿಗೆ ಆಗ ಹೊಳೆಯಿತು. ಹಿಂದಿನ ಕೋಣೆಗೂ ಅತ್ತೆಯ ಕೋಣೆಗೂ ಒಂದೇ ಕರೆಂಟ್ ಲೈನು!

"ದುಡ್ಡು ಯಾರು ಕಟ್ಟಿದ್ದು?"

"ನೀವೇ," ಎಂದಳು ಹೆಂಡತಿ. "ಪರೀಕ್ಷೆಗೆ ಅಂತ ಮನೆ ಫೋನಲ್ಲಿ ನಿಮ್ಮ ಕಾರ್ಡ್ ಹಾಕಿಟ್ಟಿದ್ರಲ್ಲ. ಗುಂಡಿ ಒತ್ತಿದ್ರೆ ಸಾಕು."

ರಾಯರು ಸೋಲುವ ಜಾತಿಯವರಲ್ಲ. "ಆದ್ರೂ ಖಾಯಂ ಗಿರಾಕಿ ತಾನಾಗೇ ಹುಟ್ಟಿದ್ದು ನಿಜ ತಾನೇ? ಕೋಣೆ ನನ್ನ..."

ಪಟ್ಟನೆ ಕತ್ತಲು. ಗಂಟೆ ಮುಗಿದಿತ್ತು.

"ಆ ಹುಡುಗಿ ಯಾರ ಮಗಳು ಅಂತ ಈಗ್ಲೇ ಹೇಳೋರಿದ್ರಲ್ರೀ!" ಎಂದು ಅತ್ತೆ ಚೀರಿದರು.

ರಾಯರು ತೆಪ್ಪಗೆ ಜೇಬಿನಿಂದ ಫೋನ್ ತೆಗೆದು, ತಮ್ಮದೇ ಸರ್ವರನ್ನು ತಮ್ಮದೇ ದುಡ್ಡಿಗೆ ಬಾಡಿಗೆಗೆ ಪಡೆಯತೊಡಗಿದರು.

"ಎರಡು ಗಂಟೆ ಒತ್ತಿ," ಎಂದರು ಅತ್ತೆ. "ಇದಾದ್ಮೇಲೆ ಇನ್ನೊಂದಿದೆ."

ರಾಯರು ಎರಡು ಗಂಟೆ ಒತ್ತಿದರು. ವ್ಯವಸ್ಥೆ ಒಂದಿಷ್ಟೂ ತಪ್ಪಲಿಲ್ಲ. ಕರೆಂಟ್ ತಾನೇ ಬಂತು, ಟಿವಿ ತಾನೇ ಎದ್ದಿತು. ಹಿಂದಿನ ಕೋಣೆಯ ದೀಪವೂ ಹೊತ್ತಿಕೊಂಡಿತು. ಕತ್ತಲಲ್ಲೇ ಅಲ್ಲಿಗೆ ಜಾರಿದ್ದ ಹೆಂಡತಿ ಟೇಪು ಹಿಡಿದು, ಹೊಲಿಗೆ ಮಷಿನ್ನಿಗೆ ಜಾಗ ಅಳೆಯುತ್ತಿದ್ದಳು.