ಹೊಂಡಕ್ಕೊಂದು ಚೆಂಡು

ಇಡೀ ಜತ್ತ ತಾಲೂಕಿನಲ್ಲಿ ಗಾಲ್ಫ್ ಆಟಕ್ಕೆ ನಮ್ಮ ಕಾಕಾ ಒಂದನೇ ನಂಬರು! ಉತ್ಪ್ರೇಕ್ಷೆ ಅಲ್ಲ, ಎರಡನೇ ನಂಬರಿನವರು ನನಗಂತೂ ಸಿಕ್ಕಿಲ್ಲ. ಕಾಕಾ ಆಡಿದ್ದೂ ಒಂದೇ ಸಲ.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಸೋನ್ಯಾಳದಲ್ಲಿ ಕುರಿ ಕಾಯ್ದು ಬೆಳೆದವರು. ಅವರದೊಂದು ನೇಮ: ಹೊಸ ನೀರು ಕಂಡರೆ ಚಪ್ಪಲಿ ಬಿಟ್ಟು ಕೈ ಮುಗಿಯಬೇಕು, ಕೈಯಲ್ಲಿದ್ದದ್ದನ್ನು ಗಂಗವ್ವನಿಗೆ ಹಾಕಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಹಿರಿಯರು ಹೊಳೆಗೆ, ಬಾವಿಗೆ ಹೀಗೆ ಮಾಡುವುದುಂಟು. ಕಾಕಾ ಟ್ಯಾಂಕರನ್ನೂ ಬಿಡುವವರಲ್ಲ. ಒಮ್ಮೆ ಮದುವೆಯೂಟದಲ್ಲಿ ಮುಚ್ಚಳ ತಿರುವುವ ಮೊದಲು ನೀರಿನ ಬಾಟಲಿಗೂ ಕೈ ಮುಗಿದರು. ಕಾನ್ವೆಂಟಿನಲ್ಲಿ ಡಬ್ಬಿ ತೆರೆಯುವ ಮೊದಲು ಪ್ರಾರ್ಥನೆ ಹೇಳಿ ಬೆಳೆದ ನಾನು ನಗುವುದಾದರೂ ಹೇಗೆ?

ಹೋದ ಚಳಿಗಾಲ ಕಾಕಾ ತಮ್ಮ ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟರು. ತಿಂಗಳು ತುಂಬುವಷ್ಟರಲ್ಲಿ ಬೀಗರು ನಮ್ಮನ್ನೆಲ್ಲ ಪುಣೆಯ ಹತ್ತಿರದ ಒಂದು ರೆಸಾರ್ಟಿಗೆ ಕರೆದರು. ಅವರಿಗೆ ಗಾಲ್ಫ್ ಎಂದರೆ ಪ್ರಾಣ. ಹೊಸ ಸೊಸೆಗೆ ಮಾತ್ರ ಪ್ರಾಣಸಂಕಟ.

"ವೈನಿ, ಅಪ್ಪಾ ಏನರ ಮಾಡಿ ಇವ್ರ ಮುಂದ ನಗಿಗೀಡಾದ್ರ, ನಾ ಆ ಮನ್ಯಾಗ ತಲಿ ಎತ್ತೂದು ಹ್ಯಾಂಗ್ರಿ?" ಎಂದು ಬೆಳಿಗ್ಗೆಯೇ ನನ್ನ ಕೈ ಹಿಡಿದಳು.

ಕಾಕಾ ಧೋತರ ಬಿಟ್ಟು, ನನ್ನವರ ಪ್ಯಾಂಟನ್ನು ಮೂರು ಮಡಿಕೆ ಮಡಚಿ ತೊಟ್ಟು ಬಂದರು. ಗಾಲ್ಫಿನವರ ರೂಢಿಯಂತೆ ಬೀಗರ ಎಡಗೈಯಲ್ಲಿ ಮಾತ್ರ ಬಿಳಿ ಗ್ಲೌಸು. ಕಾಕಾ ಅದನ್ನು ಬಹಳ ಹೊತ್ತು ನೋಡಿ ಕನಿಕರದಿಂದ ಕೇಳಿದರು: "ಇನ್ನೊಂದು ಎಲ್ಲಿ ಕಳಕೊಂಡ್ರಿ, ಬೀಗ್ರ?"

ಬಾವುಟ ನೆಟ್ಟ ಕುಳಿಗೆ ಚೆಂಡು ಹೊಡೆಯುವ ಆಟ. ಮೊದಲನೆಯ ಕುಳಿಗೆ ನೀರಿನ ಅಡ್ಡಿಯಿರಲಿಲ್ಲ. ದೂರ ಸರಿದ ಕುರಿಯನ್ನು ಕಲ್ಲು ಬೀಸಿ ತಿರುಗಿಸಿದ ಕೈ ಕಾಕಾನದು. ಕೋಲು ಎತ್ತಿದ್ದೇ ತಡ, ಚೆಂಡು ಬಾವುಟದ ಬುಡಕ್ಕೇ ಹೋಗಿ ಕೂತಿತು. ಬೀಗರು ತೆರೆದ ಬಾಯಿ ಮುಚ್ಚಲಿಲ್ಲ! ಮಗಳ ಮುಖಕ್ಕೆ ಬಣ್ಣ ಬಂತು.

ಎರಡನೆಯದಕ್ಕೆ ನಡುವೆ ಹೊಂಡ. ಕಾಕಾ ಚಪ್ಪಲಿ ಬಿಟ್ಟರು. ಕೈ ಮುಗಿದು, ತುಟಿ ಅಲುಗಿಸಿ, ಚೆಂಡನ್ನು ಮೆಲ್ಲಗೆ ನೀರಿಗೆ ತಟ್ಟಿದರು. ಬುಳುಕ್! ಮುಂದಿನ ಹೊಂಡಕ್ಕೂ ಬುಳುಕ್! ಒಂದಕ್ಕೆ ಹಾಕಿದಿರಲ್ಲ, ಸಾಕಲ್ಲವೇ ಎಂದು ನಾನು ಪಿಸುಗುಟ್ಟಿದರೆ, ಒಬ್ಬ ತಂಗಿಗೆ ಸೀರೆ ಉಡಿಸಿ ಇನ್ನೊಬ್ಬಳನ್ನು ಬರಿಗೈಲಿ ಕಳಿಸುತ್ತಾರೇನವ್ವ ಎಂದು ನನಗೇ ತಿರುಗಿ ಪ್ರಶ್ನೆ. ಆ ಮೈದಾನ ಮಾಡಿದವನಿಗೂ ನೀರಿನ ಹುಚ್ಚೇ ಇರಬೇಕು. ಒಂಬತ್ತು ಕುಳಿಗೆ ಏಳು ಹೊಂಡ! ಐದನೆಯದರ ಹೊತ್ತಿಗೆ ಬೀಗರು ಮೀಸೆಯೊಳಗೇ ನಗುತ್ತಿದ್ದರು. ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ, ಅದರ ತುದಿ ಬೆಳ್ಳಗಾಗಿತ್ತು.

ಕೊನೆಯ ಹೊಂಡಕ್ಕೆ ಬಂದಾಗ ಕಾಕಾನ ಹತ್ತಿರ ಒಂದೇ ಚೆಂಡು ಉಳಿದಿತ್ತು. ಇದೊಂದನ್ನಾದರೂ ದಾಟಿಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಮತ್ತೆ ಚಪ್ಪಲಿ ಬಿಟ್ಟರು.

ಬೀಗರಿಗೆ ತಡೆಯಲಾಗಲಿಲ್ಲ. "ದಾಟಸಾಕ ಬರ್ತದ ನಿಮಗ. ಮತ್ತ ಬೇಕಂತ ಯಾಕ ಮುಳಗಸ್ತೀರಿ? ಅಂಥಾದ್ದೇನ ಬೇಡ್ತೀರಿ ಗಂಗವ್ವನ ಹಂತ್ಯಾಕ?"

ಕಾಕಾ ನಾಚಿಕೊಂಡರು. ಕಾಲಿನ ಹೆಬ್ಬೆರಳಿನಿಂದ ಹುಲ್ಲು ಕೆದರುತ್ತ ಹೇಳಿದರು: "ನೀರೆಲ್ಲಾ ನಿನ್ನ ಹಂತ್ಯಾಕನ ಇರ್ಲಿ ಯವ್ವಾ, ನನ್ನ ಮಗಳ ಕಣ್ಣಾಗ ಬ್ಯಾಡ ಅಂತ. ಇಷ್ಟ ನೋಡ್ರಿ. ಎಲ್ಲಾ ಹೊಂಡಕ್ಕೂ ಅದೊಂದ."

ಚೆಂಡು ಮುಳುಗಿತು. ನೀರಿನ ಉಂಗುರಗಳು ದಂಡೆಗೆ ಬಂದು ಮುಟ್ಟಿದವು.

ಆಮೇಲೆ ಬೀಗರು ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಒಂದು ಕಾಲುಚೀಲದ ಹಿಮ್ಮಡಿ ಹರಿದಿತ್ತು. ಕಿಸೆಯಿಂದ ತಮ್ಮ ಚೆಂಡು ತೆಗೆದು ಸೊಸೆಯ ಅಂಗೈಯಲ್ಲಿಟ್ಟರು.

"ಹಾಕವ್ವ. ಇದು ನಮ್ಮ ಮನಿ ಕಡಿಂದ."