ಮೇಸ್ತ್ರಿ ಬಿಗಿದ ಮನೆ

ತಾವು ಕಟ್ಟಿದ ಗಂಟು ದಾರಿಯಲ್ಲಿ ಬಿಚ್ಚಿಕೊಂಡಿತೆಂದು ಇವತ್ತಿನವರೆಗೆ ಒಂದು ನರಪಿಳ್ಳೆಯೂ ದೂರು ಹೇಳಿಲ್ಲ ಎಂಬುದು ಮೇಸ್ತ್ರಿಯ ಹೆಮ್ಮೆ. ಗಾಜಿನ ಸಾಮಾನಿನ ಗೋದಾಮಿನಲ್ಲಿ ಅವರು ಪ್ಯಾಕಿಂಗ್ ಮೇಸ್ತ್ರಿ. ಹೂದಾನಿ, ಕನ್ನಡಿ, ತೂಗುದೀಪ, ಏನು ಕೊಟ್ಟರೂ ಒಣಹುಲ್ಲಿನಲ್ಲಿ ಮಲಗಿಸಿ, ಪೆಟ್ಟಿಗೆಗೆ ಮೊಳೆ ಹೊಡೆದು, ಉಕ್ಕಿನ ಪಟ್ಟಿ ಬಿಗಿದು ಕಳಿಸಿಬಿಡುತ್ತಿದ್ದರು. ಅವರ ಕೈಯಿಂದ ಹೋದ ಗಾಜೆಲ್ಲ ಸಮುದ್ರ ದಾಟಿತ್ತು. ಮೇಸ್ತ್ರಿ ಮಾತ್ರ ಊರಿನ ಬಸ್ ನಿಲ್ದಾಣ ದಾಟಿರಲಿಲ್ಲ. ಈ ಅನ್ಯಾಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೊರೆದೂ ಕೊರೆದೂ ಒಂದು ದಿನ ಅವರು ತಮ್ಮ ಹಳೆಯ ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸುವಂಥ ಪುಟ್ಟ ಮನೆಯೊಂದನ್ನು ತಂದು ಅಂಗಳದಲ್ಲಿ ಇಳಿಸಿದರು. ಅದಕ್ಕೆ ಕ್ಯಾಂಪರ್ ಎಂದು ಹೆಸರು. ಒಳಗೆ ಮಲಗುವ ಹಲಗೆ, ಒಲೆ, ಕಪಾಟು, ಒಂದು ಕಿಟಕಿ. (ಮೊದಲು ಯಾರೋ ಬಳಸಿ ಬಿಟ್ಟದ್ದು. ಯಾಕೆ ಬಿಟ್ಟಿರಿ ಎಂದು ಮೇಸ್ತ್ರಿ ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಹೆಂಡತಿ ಸೊಂಟಕ್ಕೆ ಕೈಯಿಟ್ಟುಕೊಂಡು ಅದರ ಸುತ್ತ ಒಂದು ಸುತ್ತು ಬಂದಳು.

“ಇರೋ ಮನೆ ಗುಡಿಸೋಕೇ ನಂಗೆ ಕೈ ಸಾಲ್ತಿಲ್ಲ. ಇನ್ನೊಂದು ತಂದ್ರಾ?”

“ಇದು ಬೆಟ್ಟ ಹತ್ತೋ ಮನೆ ಕಣೇ.”

“ಹತ್ತತ್ತೆ. ಇಳಿಯೋವಾಗ ಗಾಡಿ ಒಂದು ಕಡೆ, ಮನೆ ಒಂದು ಕಡೆ ಬರತ್ತೆ.”

ವಾಗ್ಯುದ್ಧ ನಡೆದು ಕೊನೆಗೆ ಒಪ್ಪಂದವಾಯಿತು. ಬೆಟ್ಟದ ಮೇಲಿನ ಕೆರೆಗೆ ಒಂದು ಸಲ ಹೋಗುವುದು. ಅಲ್ಲಿಗಿರುವುದು ರಸ್ತೆಯಲ್ಲ, ಬಂಡೆಗಳ ನಡುವಿನ ಕೊರಕಲು. ಒಂದೇ ಒಂದು ಗಾಜು ಒಡೆದರೂ ಕ್ಯಾಂಪರನ್ನು ಮಾರಿಬಿಡಬೇಕು. ಒಡೆಯದಿದ್ದರೆ ಆಕೆ ಜನ್ಮದಲ್ಲಿ ಅದರ ಬಗ್ಗೆ ತುಟಿ ಬಿಚ್ಚಕೂಡದು. ಇದಕ್ಕೆಲ್ಲ ಅತ್ತೆ ಸಾಕ್ಷಿ. (ಅಳಿಯನ ಕೈಗುಣದಲ್ಲಿ ಅತ್ತೆಗೆ ಅಪಾರ ನಂಬಿಕೆ. ಮಗಳ ಬಾಯಿಗುಣದಲ್ಲೂ ಅಷ್ಟೆ.)

ಮೇಸ್ತ್ರಿ ಸಮರಸನ್ನದ್ಧರಾದರು. ಕ್ಯಾಂಪರ್ ಜಾರದಂತೆ ಅಡಿಗೆ ರಬ್ಬರ್ ಹಾಸು, ಅತ್ತಿತ್ತ ಸರಿಯದಂತೆ ಪಕ್ಕಕ್ಕೆ ಮರದ ತುಂಡುಗಳು. ನಾಲ್ಕು ಮೂಲೆಗೂ ತಿರುಗಿಸಿದಷ್ಟೂ ಬಿಗಿಯಾಗುವ ಕೊಂಡಿ ಹಾಕಿ ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿದರು. ಬೇರೆಯವರಾಗಿದ್ದರೆ ಇಷ್ಟಕ್ಕೆ ಸಾಕೆನ್ನುತ್ತಿದ್ದರು. ಮೇಸ್ತ್ರಿ ಗಾಜಿನ ಕಪ್ಪುಗಳಿಗೆಲ್ಲ ಕಾಲುಚೀಲ ತೊಡಿಸಿದರು. ಬುತ್ತಿ, ಹೊದಿಕೆ, ಚಾಕು, ಸುತ್ತಿಗೆ, ಅತ್ತೆಯ ಹಲ್ಲಿನ ಸೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಹತ್ತಿಯಲ್ಲಿ ಸುತ್ತಿ ಒಳಗೆ ಸೇರಿಸಿದರು. ಆಮೇಲೆ ಬಾಗಿಲು ಹಾಕಿ, ಗೋದಾಮಿನ ಉಕ್ಕಿನ ಪಟ್ಟಿಯನ್ನು ಕ್ಯಾಂಪರಿಗೆ ಅಡ್ಡಡ್ಡ ಉದ್ದುದ್ದ ಬಿಗಿದು, ಬಾಗಿಲ ಮೇಲೆ ಇನ್ನಷ್ಟು ಸುತ್ತು ಎಳೆದು, ಯಂತ್ರದಿಂದ ಕ್ಲಿಪ್ಪು ಒತ್ತಿದರು.

ಮೂವರೂ ಮುಂದಿನ ಸೀಟಿನಲ್ಲಿ ಕೂತು ಹೊರಟರು. ಗಾಡಿ ಬಂಡೆ ಹತ್ತಿತು, ಹಳ್ಳಕ್ಕೆ ಬಿತ್ತು, ಒಮ್ಮೊಮ್ಮೆ ಮೂರೇ ಚಕ್ರದಲ್ಲಿ ನಿಂತು ಯೋಚಿಸಿತು. ಅತ್ತೆಯ ತಲೆ ಛಾವಣಿಗೆ ತಾಗಿ ತಾಗಿ ಬಂತು. ಹಿಂದಿನ ಮನೆ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ.

ಕೆರೆಯ ದಂಡೆಯಲ್ಲಿ ಇಳಿದು ಹೆಂಡತಿ ಕಿಟಕಿಯಿಂದ ಇಣುಕಿದಳು. ಕಪ್ಪುಗಳು ಕಾಲುಚೀಲ ಹಾಕಿಕೊಂಡು ಸಾಲಾಗಿ ಕೂತಿದ್ದವು.

“ಸರಿ, ಗೆದ್ರಿ. ನಾನೇ ಸೋತೆ. ಬಾಗಿಲು ತೆಗೀರಿ, ಟೀ ಮಾಡ್ತೀನಿ.”

ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಮಾತು. ಮೇಸ್ತ್ರಿ ಎದೆಯುಬ್ಬಿಸಿ ಬಾಗಿಲ ಬಳಿ ಹೋದರು. ಪಟ್ಟಿ ಮುಟ್ಟಿ ನೋಡಿದರು. ಕ್ಯಾಂಪರಿನ ಸುತ್ತ ಹೋಗಿ ಆ ಕಡೆಯಿಂದ ಬಂದರು. ಮತ್ತೆ ಹೋದರು.

“ಏನ್ರೀ ಹುಡುಕ್ತಿದೀರಿ?”

“ಬಿಚ್ಚೋ ಜಾಗ.”

ಆ ಪಟ್ಟಿಗೆ ಬಿಚ್ಚುವ ಜಾಗವೆಂಬುದೇ ಇಲ್ಲ, ಕತ್ತರಿಸಬೇಕು. ಅದನ್ನು ಕತ್ತರಿಸುವ ಕತ್ತರಿ ಇರುವುದು ಸಾಮಾನು ಇಳಿಸಿಕೊಳ್ಳುವವರ ಹತ್ತಿರ. ಮೇಸ್ತ್ರಿ ಕಟ್ಟಿದ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ, ಬಿಚ್ಚಿದ್ದು ಒಂದೂ ಇಲ್ಲ. ಬಿಚ್ಚುವುದು ಸಮುದ್ರದಾಚೆಯವರ ಕೆಲಸ.

“ಸುತ್ತಿಗೆ?” ಎಂದಳು ಹೆಂಡತಿ.

“ಒಳಗಿದೆ.”

“ಚಾಕು?”

“ಒಳಗೆ.”

“ನನ್ನ ಹಲ್ಲು?” ಎಂದರು ಅತ್ತೆ.

“ಹತ್ತೀಲಿದೆ ಅತ್ತೆ, ಅದಕ್ಕೇನೂ ಆಗಲ್ಲ.”

ಕಲ್ಲಿನಿಂದ ಜಜ್ಜಿದರು. ಕಲ್ಲು ಪುಡಿಯಾಯಿತು. “ಕಿಟಕಿ ಒಡೆದು ಕೈ ಹಾಕಿ,” ಎಂದಳು ಹೆಂಡತಿ. ಮೇಸ್ತ್ರಿ ಇನ್ನೊಂದು ಕಲ್ಲೆತ್ತಿದರು. ಗಾಜು ಕಾಯುವುದರಲ್ಲೇ ಸವೆದ ಕೈ, ಮೇಲೆ ಹೋದದ್ದು ಕೆಳಗೆ ಬರಲಿಲ್ಲ. “ಒಡೆದ್ರೆ ಮಾರ್ಬೇಕಾಗತ್ತಲ್ಲ,” ಎಂದು ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟರು. ಹೆಂಡತಿ ಹೋಗಿ ಗಾಡಿಯಲ್ಲಿ ಕೂತಳು. ಬೈದಿದ್ದರೇ ಚೆನ್ನಾಗಿತ್ತು.

ಮೇಸ್ತ್ರಿ ಧೈರ್ಯಗೆಡುವವರಲ್ಲ. “ಹೋಗ್ತಾ ಇನ್ನೂ ಕುಲುಕತ್ತೆ. ಪಟ್ಟಿ ಹರಿದೇ ಹರಿಯತ್ತೆ ನೋಡು,” ಎಂದು ಗಾಡಿ ತಿರುಗಿಸಿದರು. ಬರುವಾಗ ತಪ್ಪಿಸಿದ ಗುಂಡಿಗಳನ್ನೆಲ್ಲ ಈಗ ಹುಡುಕಿ ಹುಡುಕಿ ಇಳಿಸಿದರು.

“ಅದೊಂದು ಬಿಟ್ರಲ್ಲ, ಹಿಂದಕ್ಕೆ ತಗೊಳ್ಳಿ,” ಎಂದಳು ಹೆಂಡತಿ.

“ಎಡಗಡೆ ಒಂದು ಆಳವಾಗಿದೆ ಅಳಿಯಂದ್ರೇ,” ಎಂದರು ಅತ್ತೆ.

ಗಾಡಿಯ ಕನ್ನಡಿ ಅಲ್ಲಾಡಿತು, ಹಾರ್ನ್ ಮೂಕವಾಯಿತು, ನಂಬರ್ ಪ್ಲೇಟು ಎಲ್ಲೋ ಕಳಚಿ ಬಿತ್ತು. ಪಟ್ಟಿ ಕೂದಲೆಳೆಯಷ್ಟೂ ಸಡಿಲಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಪ್ರತಿ ಗುಂಡಿಗೂ ಮೇಸ್ತ್ರಿಗೆ ಒಳಗೊಳಗೇ ಹಿಗ್ಗು. ಅದನ್ನು ಮುಖದಲ್ಲಿ ತೋರಿಸುವಷ್ಟು ದಡ್ಡರಲ್ಲ ಅವರು.

ಮನೆ ಮುಂದೆ ಗಾಡಿ ನಿಲ್ಲಿಸುವ ಹೊತ್ತಿಗೆ ಅವರ ಹಳೆಯ ಠೀವಿ ಪೂರ್ತಿ ವಾಪಸ್ಸಾಗಿತ್ತು.

“ಅಟ್ಟದ ಮೇಲೆ ಕಬ್ಬಿಣ ಕೊಯ್ಯೋ ಗರಗಸ ಇದೆ. ಒಂದೇ ಗಳಿಗೆ, ಕೊಯ್ದು ಬಿಸಾಕ್ತೀನಿ. ಎಲ್ಲಿ, ಮನೆ ಬೀಗದ ಕೈ ಕೊಡು.”

ಹೆಂಡತಿ ಕದಲಲಿಲ್ಲ.

“ನಿಮ್ಮ ಹತ್ರ ಕೊಟ್ಟಿದ್ನಲ್ಲ. ದಾರೀಲಿ ಎಲ್ಲಾದ್ರೂ ಬಿದ್ದೀತು ಅಂತ ನೀವೇ ಇಸ್ಕೊಂಡ್ರಿ.”

ಮೇಸ್ತ್ರಿಯ ನೀಡಿದ ಕೈ ನೀಡಿದಂತೆಯೇ ಉಳಿಯಿತು. ಕುತ್ತಿಗೆ ಮಾತ್ರ ನಿಧಾನವಾಗಿ ಕ್ಯಾಂಪರಿನ ಕಡೆ ತಿರುಗಿತು.

ಹೆಂಡತಿ ಅಮ್ಮನನ್ನು ಜಗುಲಿಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

“ಭದ್ರವಾಗಿರತ್ತೆ ಬಿಡಿ,” ಎಂದಳು.